ನಿಷ್ಠೆಯ ತೂಕ, ಗೆಲುವಿನ ಲೆಕ್ಕ: 2012ರ ರಿಪಬ್ಲಿಕನ್ ಕಣದಲ್ಲಿ ಸಂಪ್ರದಾಯವಾದಿ ಮತದಾರ

ಅಮೆರಿಕದಲ್ಲಿ ಪಕ್ಷವೊಂದರ ಅಧ್ಯಕ್ಷೀಯ ಹುರಿಯಾಳು ಯಾರೆಂಬುದನ್ನು ಆ ಪಕ್ಷದ ಮತದಾರರೇ ತೀರ್ಮಾನಿಸುತ್ತಾರೆ. ಭಾರತದಲ್ಲಿ ಟಿಕೆಟ್ ಹೈಕಮಾಂಡ್‌ಗೆ ಬಿಟ್ಟ ವಿಚಾರ. ಬಿ ಫಾರಂ ಕೈಸೇರುವವರೆಗೂ ಆಕಾಂಕ್ಷಿಗಳು ವರಿಷ್ಠರ ಮನೆಗೆ ಎಡತಾಕುತ್ತಾರೆ. ಅಮೆರಿಕದ ಆಕಾಂಕ್ಷಿ ಎಡತಾಕಬೇಕಾದದ್ದು ಐಯೋವಾದ ಊರುಗಳಿಗೆ, ನ್ಯೂ ಹ್ಯಾಂಪ್‌ಷೈರ್‌ನ ಪಟ್ಟಣಗಳಿಗೆ. ಚುನಾವಣಾ ವರ್ಷದ ಮೊದಲ ಆರು ತಿಂಗಳು ರಾಜ್ಯದಿಂದ ರಾಜ್ಯಕ್ಕೆ ಸಾಗುವ ಪ್ರೈಮರಿ ಮತ್ತು ಕಾಕಸ್‌ಗಳಲ್ಲಿ ಅಭ್ಯರ್ಥಿಗಳು ಡೆಲಿಗೇಟ್‌ಗಳನ್ನು, ಅಂದರೆ ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಮತ ಹಾಕುವ ಪ್ರತಿನಿಧಿಗಳನ್ನು, ಗಳಿಸುತ್ತ ಹೋಗುತ್ತಾರೆ. ಅರ್ಧಕ್ಕಿಂತ ಹೆಚ್ಚು ಡೆಲಿಗೇಟ್‌ಗಳು ಯಾರಿಗೆ ಒಲಿಯುತ್ತಾರೋ ಅವರೇ ಪಕ್ಷದ ಅಭ್ಯರ್ಥಿ. 2012ರಲ್ಲಿ ರಿಪಬ್ಲಿಕನ್ ಪಕ್ಷದ ಒಟ್ಟು ಡೆಲಿಗೇಟ್‌ಗಳು 2,286. ಗೆಲ್ಲಲು ಬೇಕಾಗಿದ್ದುದು 1,144.

ನವೆಂಬರ್‌ನ ಮಹಾಚುನಾವಣೆಗಿಂತ ಪ್ರೈಮರಿಯಲ್ಲಿ ಮತದಾರನ ಕೆಲಸ ಕಷ್ಟದ್ದು. ನವೆಂಬರ್‌ನಲ್ಲಿ ಎದುರು ಬದುರಾಗುವುದು ಎರಡು ಪಕ್ಷಗಳು, ಎರಡು ನಿಲುವುಗಳು. ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರು, ಆಡುವ ಮಾತೂ ಹೆಚ್ಚುಕಡಿಮೆ ಒಂದೇ. 2012ರ ರಿಪಬ್ಲಿಕನ್ ಕಣದಲ್ಲಿದ್ದ ಹೆಚ್ಚುಕಡಿಮೆ ಎಲ್ಲರೂ ತೆರಿಗೆ ಇಳಿಸುತ್ತೇವೆ, ಬರಾಕ್ ಒಬಾಮ ಅವರ ಆರೋಗ್ಯ ವಿಮೆ ಕಾಯ್ದೆಯನ್ನು ರದ್ದು ಮಾಡುತ್ತೇವೆ, ಸಂಪ್ರದಾಯವಾದಿ ನ್ಯಾಯಮೂರ್ತಿಗಳನ್ನೇ ನೇಮಿಸುತ್ತೇವೆ ಎನ್ನುತ್ತಿದ್ದರು. ಹಾಗಾಗಿ ಮತದಾರ ತೂಗಬೇಕಾದದ್ದು ಬೇರೆಯದನ್ನು: ಈ ಮಾತನ್ನು ಯಾರು ಮನಸಾರೆ ಹೇಳುತ್ತಿದ್ದಾರೆ, ಮತ್ತು ಅವರಲ್ಲಿ ಒಬಾಮ ಅವರನ್ನು ಸೋಲಿಸಬಲ್ಲವರು ಯಾರು.

ಮೂರು ಬಣ, ಒಂದು ಸೂತ್ರ

ಅಮೆರಿಕದಲ್ಲಿ ಸಂಪ್ರದಾಯವಾದಿ ಎನಿಸಿಕೊಳ್ಳುವವರೆಲ್ಲ ಒಂದೇ ಬಗೆಯವರಲ್ಲ. ಸರ್ಕಾರದ ಖರ್ಚು ಮತ್ತು ಸಾಲ ತಗ್ಗಬೇಕು, ವ್ಯಾಪಾರ ವಹಿವಾಟಿನಲ್ಲಿ ಸರ್ಕಾರ ಕೈಹಾಕಬಾರದು ಎನ್ನುವವರದು ಒಂದು ಬಣ. ಗರ್ಭಪಾತವನ್ನೂ ಸಲಿಂಗ ವಿವಾಹವನ್ನೂ ವಿರೋಧಿಸುವವರದು ಇನ್ನೊಂದು. ಇವಾಂಜೆಲಿಕಲ್ ಕ್ರೈಸ್ತರು ಮತ್ತು ಕಟ್ಟಾ ಕ್ಯಾಥೊಲಿಕರು ಇದರ ಬೆನ್ನೆಲುಬು. ಸೇನೆ ಬಲಿಷ್ಠವಾಗಿರಬೇಕು, ವಿದೇಶಾಂಗ ನೀತಿ ಬಿಗಿಯಾಗಿರಬೇಕು ಎನ್ನುವವರದು ಮೂರನೆಯದು. ರೊನಾಲ್ಡ್ ರೇಗನ್ 1980ರಲ್ಲಿ ಈ ಮೂವರನ್ನೂ ಒಂದೇ ಬಾವುಟದಡಿ ತಂದು ಗೆದ್ದರು. ಆಮೇಲೆ ಬಂದ ಪ್ರತಿಯೊಬ್ಬ ರಿಪಬ್ಲಿಕನ್ ಆಕಾಂಕ್ಷಿಯನ್ನೂ ಪಕ್ಷದವರು ರೇಗನ್ ಪಕ್ಕದಲ್ಲಿ ನಿಲ್ಲಿಸಿಯೇ ನೋಡುತ್ತಾರೆ. 2009ರಲ್ಲಿ ಹುಟ್ಟಿದ ಟೀ ಪಾರ್ಟಿ ಚಳವಳಿ ಮೊದಲ ಬಣಕ್ಕೆ ಹೊಸ ಬಿಸಿ ತಂದಿತು. 2010ರ ಚುನಾವಣೆಯಲ್ಲಿ ಪಕ್ಷ ಕೆಳಮನೆಯಲ್ಲಿ 63 ಸ್ಥಾನಗಳನ್ನು ಹೆಚ್ಚಿಸಿಕೊಂಡಾಗ, ರಾಜಿ ಮಾಡಿಕೊಳ್ಳದ ಅಭ್ಯರ್ಥಿಯೂ ಗೆಲ್ಲಬಲ್ಲ ಎಂಬ ಧೈರ್ಯ ಕಾರ್ಯಕರ್ತರಲ್ಲಿ ಮೂಡಿತು.

ನಿಷ್ಠೆ ಮತ್ತು ಗೆಲುವಿನ ನಡುವೆ ಆಯ್ಕೆ ಹೇಗಿರಬೇಕೆಂಬುದಕ್ಕೆ ಪಕ್ಷದಲ್ಲಿ ಹಳೆಯ ಸೂತ್ರವೊಂದಿದೆ. 1955ರಲ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಸ್ಥಾಪಿಸಿದ ವಿಲಿಯಂ ಎಫ್. ಬಕ್ಲಿ ಹೇಳಿದ್ದು ಅದು: ಗೆಲ್ಲುವ ಸಾಧ್ಯತೆ ಇರುವವರ ಪೈಕಿ ಅತ್ಯಂತ ಬಲಪಂಥೀಯನಾದವನನ್ನು ಬೆಂಬಲಿಸಬೇಕು. ಕೇಳಲು ಸರಳ, ಆದರೆ ಗೆಲ್ಲುವ ಸಾಧ್ಯತೆ ಯಾರಿಗಿದೆ ಎಂದು ಮುಂಚೆಯೇ ಹೇಳುವವರು ಯಾರು? ಎರಡು ಕಡೆಯವರಿಗೂ ಇತಿಹಾಸದಲ್ಲಿ ಸಾಕ್ಷಿ ಸಿಗುತ್ತದೆ. 1964ರಲ್ಲಿ ನೆಲ್ಸನ್ ರಾಕ್‌ಫೆಲ್ಲರ್ ಅವರನ್ನು ಹಿಂದಿಕ್ಕಿ ಕಟ್ಟಾ ಸಂಪ್ರದಾಯವಾದಿ ಬ್ಯಾರಿ ಗೋಲ್ಡ್‌ವಾಟರ್ ಅಭ್ಯರ್ಥಿಯಾದರು. ನವೆಂಬರ್‌ನಲ್ಲಿ ಅವರಿಗೆ ದಕ್ಕಿದ್ದು ಕೇವಲ 6 ರಾಜ್ಯಗಳು. ಅದೇ 1976ರಲ್ಲಿ ಪಕ್ಷ ರೇಗನ್ ಅವರನ್ನು ಬಿಟ್ಟು ಜೆರಾಲ್ಡ್ ಫೋರ್ಡ್ ಅವರನ್ನು ಆರಿಸಿ ಸೋತಿತು. ಬಲಪಂಥದ ತುದಿಯಲ್ಲಿರುವವರು, ಗೆಲ್ಲಲಾರರು ಎಂದು ಹಲವರು ಅಂದುಕೊಂಡಿದ್ದ ಅದೇ ರೇಗನ್ ನಾಲ್ಕು ವರ್ಷಗಳ ಬಳಿಕ ಭಾರಿ ಅಂತರದಿಂದ ಗೆದ್ದರು. 1996ರಲ್ಲಿ ಬಾಬ್ ಡೋಲ್, 2008ರಲ್ಲಿ ಜಾನ್ ಮೆಕೇನ್ ಸೋತದ್ದನ್ನು ತೋರಿಸಿ, ಮಧ್ಯಮ ಮಾರ್ಗದವರನ್ನು ನಿಲ್ಲಿಸಿದರೆ ಗೆಲುವು ಖಾತ್ರಿ ಎಂಬುದು ಸುಳ್ಳು ಎಂದು ಕಟ್ಟಾ ಬಣ ವಾದಿಸುತ್ತಿತ್ತು. 2012ರ ಮತದಾರನ ಮುಂದೆ ಈ ವಾದವಿವಾದ ಪೂರ್ತಿಯಾಗಿ ಹರಡಿಕೊಂಡಿತ್ತು.

ಯಾರಲ್ಲೂ ಪೂರ್ಣಾಂಕವಿಲ್ಲ

ಆ ವರ್ಷ ಮುಂಚೂಣಿಯಲ್ಲಿದ್ದವರು ಮಿಟ್ ರೋಮ್ನಿ. ಯಶಸ್ವಿ ಉದ್ಯಮಿ, 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನ ಉಸ್ತುವಾರಿ ಹೊತ್ತವರು, ಮ್ಯಾಸಚೂಸೆಟ್ಸ್‌ನ ಮಾಜಿ ಗವರ್ನರ್. ಹಣ, ಸಂಘಟನೆ ಎರಡೂ ಅವರಲ್ಲಿತ್ತು. ಇಲ್ಲದ್ದು ನಂಬಿಕೆ. 1994ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿದಾಗ ಅವರು ಗರ್ಭಪಾತದ ಹಕ್ಕಿನ ಪರ ಮಾತನಾಡಿದ್ದರು. ಬಳಿಕ ನಿಲುವು ಬದಲಿಸಿದರು. 2006ರಲ್ಲಿ ಗವರ್ನರ್ ಆಗಿ ಅವರು ಸಹಿ ಹಾಕಿದ ಆರೋಗ್ಯ ವಿಮೆ ಕಾಯ್ದೆಯು, ಪಕ್ಷ ದ್ವೇಷಿಸುತ್ತಿದ್ದ ಒಬಾಮ ಕಾಯ್ದೆಗೆ ಮಾದರಿಯಂತಿತ್ತು. ಅವರು ಮಾರ್ಮನ್ ಧರ್ಮಕ್ಕೆ ಸೇರಿದವರೆಂಬುದು ಕೆಲವು ಇವಾಂಜೆಲಿಕಲ್ ಮತದಾರರನ್ನು ಹಿಂದೆಮುಂದೆ ನೋಡುವಂತೆ ಮಾಡಿತು.

ರೋಮ್ನಿಗೆ ಬದಲಿಯಾಗಿ ಒಬ್ಬ ಅಪ್ಪಟ ಸಂಪ್ರದಾಯವಾದಿಯನ್ನು ಹುಡುಕುವ ಯತ್ನದಲ್ಲೇ 2011 ಕಳೆಯಿತು. ಆಗಸ್ಟ್‌ನಲ್ಲಿ ಐಯೋವಾದ ಏಮ್ಸ್‌ನಲ್ಲಿ ನಡೆದ ಅಣಕು ಮತದಾನದಲ್ಲಿ ಮಿನ್ನೆಸೋಟದ ಸಂಸದೆ ಮಿಷೆಲ್ ಬಾಕ್‌ಮನ್ ಗೆದ್ದರು. ಅದೇ ದಿನ ಟೆಕ್ಸಸ್ ಗವರ್ನರ್ ರಿಕ್ ಪೆರ್ರಿ ಕಣಕ್ಕಿಳಿದು ಸಮೀಕ್ಷೆಗಳಲ್ಲಿ ಮೊದಲ ಸ್ಥಾನಕ್ಕೇರಿದರು. ಅಕ್ರಮ ವಲಸಿಗರ ಮಕ್ಕಳಿಗೆ ಟೆಕ್ಸಸ್ ಕಾಲೇಜುಗಳಲ್ಲಿ ಶುಲ್ಕ ರಿಯಾಯಿತಿ ಕೊಟ್ಟದ್ದನ್ನು ಸಮರ್ಥಿಸುವ ಭರದಲ್ಲಿ, ವಿರೋಧಿಸುವವರಿಗೆ ಹೃದಯವೇ ಇಲ್ಲ ಎಂಬರ್ಥದ ಮಾತಾಡಿ ಅವರು ತಮ್ಮವರನ್ನೇ ಕೆರಳಿಸಿದರು. ನವೆಂಬರ್ 9ರಂದು ಮಿಷಿಗನ್‌ನ ರಾಚೆಸ್ಟರ್‌ನಲ್ಲಿ ನಡೆದ ಟಿ.ವಿ. ಚರ್ಚೆಯಲ್ಲಿ, ತಾನು ಅಧ್ಯಕ್ಷನಾದರೆ ಮೂರು ಇಲಾಖೆಗಳನ್ನು ಮುಚ್ಚುತ್ತೇನೆ ಎಂದರು. ವಾಣಿಜ್ಯ, ಶಿಕ್ಷಣ ಎಂದು ಎರಡರ ಹೆಸರು ಹೇಳಿ, ಮೂರನೆಯದಕ್ಕೆ ತಡವರಿಸಿ, ಕೊನೆಗೂ ನೆನಪಾಗದೆ ಕೈಚೆಲ್ಲಿದರು. ಮರೆತದ್ದು ಇಂಧನ ಇಲಾಖೆ. 2017ರಲ್ಲಿ ಟ್ರಂಪ್ ಸರ್ಕಾರದಲ್ಲಿ ಅವರಿಗೆ ಸಿಕ್ಕಿದ್ದೂ ಅದೇ ಇಲಾಖೆ. ಪಿಜ್ಜಾ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಹರ್ಮನ್ ಕೇನ್, ಆದಾಯ, ಉದ್ಯಮ, ಮಾರಾಟ ಮೂರಕ್ಕೂ ತಲಾ ಶೇ 9ರ ತೆರಿಗೆ ಎಂಬ ಸುಲಭ ಸೂತ್ರದಿಂದ ಮೇಲೆ ಬಂದರು. ಲೈಂಗಿಕ ಕಿರುಕುಳದ ಆರೋಪಗಳು ಎದ್ದ ಮೇಲೆ ಡಿಸೆಂಬರ್ 3ರಂದು ಹಿಂದೆ ಸರಿದರು.

ಉಳಿದವರಲ್ಲಿ ಮುಖ್ಯರು ಮೂವರು. ನ್ಯೂಟ್ ಗಿಂಗ್ರಿಚ್ 1994ರಲ್ಲಿ ಪಕ್ಷವನ್ನು ಕೆಳಮನೆಯ ಗೆಲುವಿಗೆ ಒಯ್ದು ಸ್ಪೀಕರ್ ಆದವರು, ಮಾತಿನ ಮಲ್ಲ. ಆದರೆ ಮೂರು ಮದುವೆಗಳು, 1997ರಲ್ಲಿ ಸದನ ವಿಧಿಸಿದ 3 ಲಕ್ಷ ಡಾಲರ್ ದಂಡ ಬೆನ್ನಿಗಿದ್ದವು. ರಿಕ್ ಸ್ಯಾಂಟೋರಮ್ ಪೆನ್ಸಿಲ್ವೇನಿಯದ ಮಾಜಿ ಸೆನೆಟರ್, ಗರ್ಭಪಾತ ವಿರೋಧದಲ್ಲಿ ಗಟ್ಟಿ ನಿಲುವಿನ ಕ್ಯಾಥೊಲಿಕ್. 2006ರಲ್ಲಿ ತಮ್ಮದೇ ರಾಜ್ಯದಲ್ಲಿ ಹೀನಾಯವಾಗಿ ಸೋತಿದ್ದವರು. ಟೆಕ್ಸಸ್ ಸಂಸದ ರಾನ್ ಪಾಲ್ ವೃತ್ತಿಯಿಂದ ಹೆರಿಗೆ ವೈದ್ಯರು. ಸರ್ಕಾರ ಆದಷ್ಟು ಚಿಕ್ಕದಿರಬೇಕು ಎಂಬುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಆದರೆ ವಿದೇಶದ ಯುದ್ಧಗಳನ್ನು ವಿರೋಧಿಸುತ್ತಿದ್ದ ಅವರ ನಿಲುವು ಮೂರನೆಯ ಬಣಕ್ಕೆ ಹಿಡಿಸುತ್ತಿರಲಿಲ್ಲ. ಒಬ್ಬೊಬ್ಬರಲ್ಲೂ ಒಂದೊಂದು ಕೊರತೆ. ಯಾವ ಕೊರತೆಯನ್ನು ಮನ್ನಿಸಬಹುದು, ಯಾವುದನ್ನು ಮನ್ನಿಸಲಾಗದು ಎಂಬುದೇ ಮತದಾರನ ಮುಂದಿದ್ದ ಪ್ರಶ್ನೆ.

ಐಯೋವಾದ ಎಣಿಕೆ

ಮೊದಲ ತೀರ್ಪು ಐಯೋವಾದ್ದು. ಅಲ್ಲಿನ ರಿಪಬ್ಲಿಕನ್ ಕಾಕಸ್ ಸಾಮಾನ್ಯ ಮತದಾನದಂತೆ ದಿನವಿಡೀ ನಡೆಯುವುದಿಲ್ಲ. ಜನವರಿ 3ರ ಚಳಿಯ ಸಂಜೆ 7 ಗಂಟೆಗೆ 1,774 ಮತಕ್ಷೇತ್ರಗಳ ಜನ ಶಾಲೆ, ಚರ್ಚು, ಸಮುದಾಯ ಭವನಗಳಲ್ಲಿ ಸೇರಿದರು. ಪ್ರತಿ ಅಭ್ಯರ್ಥಿಯ ಪರವಾಗಿ ಊರಿನವರೇ ಒಬ್ಬರು ಎದ್ದುನಿಂತು ಕೆಲವು ನಿಮಿಷ ಮಾತನಾಡಿದರು. ಆಮೇಲೆ ಎಲ್ಲರಿಗೂ ಖಾಲಿ ಚೀಟಿ ಹಂಚಲಾಯಿತು. ಹೆಸರು ಬರೆದು ಮಡಚಿ ಹಾಕಿದ ಚೀಟಿಗಳನ್ನು ಅಲ್ಲೇ ಎಣಿಸಲಾಯಿತು. ಬಂದವರು ಸುಮಾರು 1.21 ಲಕ್ಷ ಮಂದಿ. ಚಳಿಯಲ್ಲಿ ಮನೆಬಿಟ್ಟು ಬಂದು ಗಂಟೆಗಟ್ಟಲೆ ಕೂರುವವರು ಕಟ್ಟಾಳುಗಳೇ. ಮತಗಟ್ಟೆ ಸಮೀಕ್ಷೆಯ ಪ್ರಕಾರ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವಾಂಜೆಲಿಕಲ್ ಕ್ರೈಸ್ತರು.

ಕೈಯಲ್ಲಿ ಕಾಸಿಲ್ಲದ ಸ್ಯಾಂಟೋರಮ್ ಬೆಂಬಲಿಗರೊಬ್ಬರ ಪಿಕಪ್ ಟ್ರಕ್ಕಿನಲ್ಲಿ ಐಯೋವಾದ 99 ಕೌಂಟಿಗಳನ್ನೂ ಸುತ್ತಿದ್ದರು. ಬಾಕ್‌ಮನ್, ಪೆರ್ರಿ, ಕೇನ್, ಗಿಂಗ್ರಿಚ್ ಒಬ್ಬೊಬ್ಬರಾಗಿ ಕುಸಿದ ಮೇಲೆ, ಕೊನೆಯ ಎರಡು ವಾರಗಳಲ್ಲಿ ಸಾಮಾಜಿಕ ಸಂಪ್ರದಾಯವಾದಿಗಳು ಅವರತ್ತ ಹೊರಳಿದರು. ಅಂದು ರಾತ್ರಿ ರೋಮ್ನಿ 8 ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಅಪನೂಸ್ ಕೌಂಟಿಯ ಮೌಲ್ಟನ್ ಎಂಬ ಸಣ್ಣ ಊರಿನಲ್ಲಿ ರೋಮ್ನಿಗೆ ಬಿದ್ದದ್ದು 2 ಮತ, ವರದಿಯಾದದ್ದು 22 ಎಂದು ಅಲ್ಲಿ ಎಣಿಕೆ ನೋಡಿದವರೊಬ್ಬರು ಎತ್ತಿ ತೋರಿಸಿದರು. ಎರಡು ವಾರಗಳ ಬಳಿಕ, ಜನವರಿ 19ರಂದು, ಪಕ್ಷ ಪ್ರಕಟಿಸಿದ ಲೆಕ್ಕದಲ್ಲಿ ಸ್ಯಾಂಟೋರಮ್ 29,839, ರೋಮ್ನಿ 29,805: ಸ್ಯಾಂಟೋರಮ್ 34 ಮತಗಳಿಂದ ಮುಂದೆ. ಎಂಟು ಮತಕ್ಷೇತ್ರಗಳ ದಾಖಲೆ ಸಿಗಲೇ ಇಲ್ಲ. ಅಷ್ಟರಲ್ಲಿ ರೋಮ್ನಿ ನ್ಯೂ ಹ್ಯಾಂಪ್‌ಷೈರ್ ಅನ್ನೂ ಗೆದ್ದು, ಎರಡೂ ಆರಂಭಿಕ ರಾಜ್ಯಗಳ ವಿಜೇತ ಎನಿಸಿಕೊಂಡಾಗಿತ್ತು. ಐಯೋವಾದಲ್ಲಿ ಗೆದ್ದವರಿಗೆ ಹರಿದುಬರುವ ಪ್ರಚಾರವೂ ದೇಣಿಗೆಯೂ ಸ್ಯಾಂಟೋರಮ್‌ಗೆ ಬರಬೇಕಾದ ಹೊತ್ತಿಗೆ ಬರಲಿಲ್ಲ.

ನಾಯಕರ ಮಾತು, ಮತದಾರರ ದಾರಿ

ಸಂಪ್ರದಾಯವಾದಿ ಮತ ಒಡೆದರೆ ಲಾಭ ರೋಮ್ನಿಗೇ ಎಂಬುದನ್ನು ಬಲ್ಲ ಸುಮಾರು 150 ಇವಾಂಜೆಲಿಕಲ್ ಮುಖಂಡರು ಜನವರಿ 14ರಂದು ಟೆಕ್ಸಸ್‌ನ ಬ್ರೆನ್‌ಹ್ಯಾಮ್ ಬಳಿಯ ರಾಂಚ್ ಒಂದರಲ್ಲಿ ಸಭೆ ಸೇರಿದರು. ಮೂರು ಸುತ್ತಿನ ಮತದಾನದ ಬಳಿಕ ಹೆಚ್ಚಿನವರು ಸ್ಯಾಂಟೋರಮ್ ಬೆನ್ನಿಗೆ ನಿಂತರು. ಒಂದು ವಾರದ ಬಳಿಕ ಸೌತ್ ಕ್ಯಾರೊಲಿನಾದಲ್ಲಿ ಮತದಾನ ನಡೆದಾಗ ಅಲ್ಲಿನ ಇವಾಂಜೆಲಿಕಲ್ ಮತದಾರರು ಅತಿ ಹೆಚ್ಚಾಗಿ ಒಲಿದದ್ದು ಗಿಂಗ್ರಿಚ್‌ಗೆ.

ಕಾರಣ ಎರಡು ಟಿ.ವಿ. ಚರ್ಚೆಗಳು. ಚಾರ್ಲ್ಸ್‌ಟನ್‌ನಲ್ಲಿ ಜನವರಿ 19ರಂದು ನಡೆದ ಎರಡನೆಯ ಚರ್ಚೆಯಲ್ಲಿ ನಿರೂಪಕ ಮೊದಲ ಪ್ರಶ್ನೆಯನ್ನೇ ಗಿಂಗ್ರಿಚ್ ಮಾಜಿ ಪತ್ನಿ ಮಾಡಿದ್ದ ಆರೋಪದ ಬಗ್ಗೆ ಕೇಳಿದರು. ಗಿಂಗ್ರಿಚ್ ಉತ್ತರಿಸುವ ಬದಲು ಮಾಧ್ಯಮಗಳ ಮೇಲೆ ಹರಿಹಾಯ್ದರು. ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಒಬಾಮ ಎದುರು ಹೀಗೆ ಗುಡುಗಬಲ್ಲವರು ಇವರೇ ಎಂದು ಹಲವರಿಗೆ ಅನ್ನಿಸಿತು. ಗೆಲ್ಲಬಲ್ಲವನೆಂದರೆ ಮಧ್ಯಮ ಮಾರ್ಗದವನು ಎಂಬ ಎಣಿಕೆ ಅಲ್ಲಿ ತಲೆಕೆಳಗಾಯಿತು. ಗೆಲ್ಲುವುದಕ್ಕೆ ಬೇಕಾದದ್ದು ಕಾದಾಡುವ ಗುಣ ಎಂದಾಯಿತು. ಪಂಜಾಬಿ ವಲಸಿಗರ ಮಗಳಾದ ರಾಜ್ಯದ ಗವರ್ನರ್ ನಿಕ್ಕಿ ಹ್ಯಾಲಿ ರೋಮ್ನಿ ಪರ ನಿಂತಿದ್ದರೂ ಪ್ರಯೋಜನವಾಗಲಿಲ್ಲ. ಗಿಂಗ್ರಿಚ್‌ಗೆ ಸುಮಾರು ಶೇ 40, ರೋಮ್ನಿಗೆ ಶೇ 28 ಮತ. 1980ರಿಂದ 2008ರವರೆಗೆ ಈ ರಾಜ್ಯ ಗೆದ್ದವರೇ ಪಕ್ಷದ ಅಭ್ಯರ್ಥಿಯಾಗಿದ್ದರು. ಆ ಪರಂಪರೆ 2012ರಲ್ಲಿ ಮುರಿಯಿತು.

ಹತ್ತೇ ದಿನಗಳಲ್ಲಿ ಫ್ಲಾರಿಡಾ ಈ ಗಾಳಿಯನ್ನು ತಿರುಗಿಸಿತು. ದೊಡ್ಡ ರಾಜ್ಯವಾದ ಕಾರಣ ಅಲ್ಲಿ ಮನೆಮನೆ ಸುತ್ತಾಟಕ್ಕಿಂತ ಟಿ.ವಿ. ಜಾಹೀರಾತಿನದೇ ಆಟ. 2010ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಹುಟ್ಟಿಕೊಂಡ ಸೂಪರ್ ಪ್ಯಾಕ್‌ಗಳು, ಅಂದರೆ ಮಿತಿಯಿಲ್ಲದೆ ಹಣ ಸಂಗ್ರಹಿಸಬಲ್ಲ ಪ್ರಚಾರ ಸಮಿತಿಗಳು, ಇಲ್ಲಿ ಪೂರ್ಣ ಬಲ ತೋರಿದವು. ಗಿಂಗ್ರಿಚ್ ಪರ ಸಮಿತಿಗೆ ಕ್ಯಾಸಿನೊ ಉದ್ಯಮಿ ಶೆಲ್ಡನ್ ಏಡಲ್ಸನ್ ಕುಟುಂಬ ಕೋಟಿ ಡಾಲರ್ ಸುರಿಯಿತು. ರೋಮ್ನಿ ಪಾಳಯ ಅದನ್ನೂ ಮೀರಿಸಿ ಖರ್ಚು ಮಾಡಿ, 1997ರ ದಂಡವನ್ನು ಮತ್ತೆ ಮತ್ತೆ ನೆನಪಿಸಿತು. ಜನವರಿ 31ರಂದು ರೋಮ್ನಿ ಶೇ 46, ಗಿಂಗ್ರಿಚ್ ಶೇ 32. ಹೆಚ್ಚು ಮತ ಪಡೆದವರಿಗೇ ಎಲ್ಲ ಡೆಲಿಗೇಟ್‌ಗಳು ಎಂಬ ನಿಯಮವಿದ್ದುದರಿಂದ ಐವತ್ತಕ್ಕೆ ಐವತ್ತೂ ರೋಮ್ನಿ ಪಾಲಾದವು.

ಫೆಬ್ರುವರಿ 7ರಂದು ಕೊಲರಾಡೊ, ಮಿನ್ನೆಸೋಟ, ಮಿಸೌರಿ ಮೂರರಲ್ಲೂ ಗೆದ್ದು ಸ್ಯಾಂಟೋರಮ್ ಮತ್ತೆ ಮೇಲೆದ್ದರು. ಮುಂದಿನ ಸರದಿ ಅವರ ಹಳೆಯ ಲೆಕ್ಕ ಬಿಚ್ಚುವುದು. ಫೆಬ್ರುವರಿ 22ರ ಅರಿಜೋನಾ ಚರ್ಚೆಯಲ್ಲಿ, ಬುಷ್ ಕಾಲದ ಶಿಕ್ಷಣ ಕಾಯ್ದೆಗೆ ಮನಸ್ಸಿಲ್ಲದಿದ್ದರೂ ಪಕ್ಷಕ್ಕಾಗಿ ಮತ ಹಾಕಿದೆ ಎಂದು ಅವರು ಒಪ್ಪಿಕೊಂಡರು. 2004ರಲ್ಲಿ ಪೆನ್ಸಿಲ್ವೇನಿಯದ ಸೆನೆಟ್ ಪ್ರೈಮರಿಯಲ್ಲಿ ಕಟ್ಟಾ ಸಂಪ್ರದಾಯವಾದಿ ಪ್ಯಾಟ್ ಟೂಮಿ ಅವರನ್ನು ಬಿಟ್ಟು ಮಧ್ಯಮ ಮಾರ್ಗದ ಆರ್ಲೆನ್ ಸ್ಪೆಕ್ಟರ್ ಅವರನ್ನು ಬೆಂಬಲಿಸಿದ್ದೂ ಹೊರಬಂತು. ಸ್ಪೆಕ್ಟರ್ 2009ರಲ್ಲಿ ಡೆಮಾಕ್ರಟಿಕ್ ಪಕ್ಷ ಸೇರಿ ಒಬಾಮ ಆರೋಗ್ಯ ಕಾಯ್ದೆಗೆ ಮತ ಹಾಕಿದವರು. ಗೆಲುವಿನ ಲೆಕ್ಕ ಹಾಕಿ ನಿಷ್ಠೆಯನ್ನು ಬದಿಗಿಟ್ಟವರಲ್ಲಿ ನಿಷ್ಠೆಯ ಪ್ರತಿನಿಧಿಯೇ ಒಬ್ಬರು ಎಂದು ತೋರಿಸಲು ರೋಮ್ನಿಗೆ ಇಷ್ಟು ಸಾಕಾಯಿತು.

ಒಡೆದ ಮತ, ತೊಡಕಿನ ನಿಯಮ

ಫೆಬ್ರುವರಿ 28ರಂದು ತಮ್ಮ ಹುಟ್ಟೂರಿನ ರಾಜ್ಯವಾದ ಮಿಷಿಗನ್ ಅನ್ನು ರೋಮ್ನಿ ಶೇ 41ರಷ್ಟು ಮತಗಳಿಂದ ಉಳಿಸಿಕೊಂಡರು. ಸ್ಯಾಂಟೋರಮ್‌ಗೆ ಶೇ 38. ಮಾರ್ಚ್ 6ರಂದು ಒಹಾಯೊದಲ್ಲಿ ಅಂತರ ಶೇ 1ಕ್ಕಿಂತ ಕಡಿಮೆ. ಧರ್ಮ ನೋಡಿ ಮತ ಹಾಕುತ್ತಾರೆ ಎಂಬ ಸರಳ ಊಹೆ ಈ ರಾಜ್ಯಗಳಲ್ಲಿ ನಿಲ್ಲಲಿಲ್ಲ: ಪ್ರೊಟೆಸ್ಟಂಟರಾದ ಇವಾಂಜೆಲಿಕಲ್ ಮತದಾರರು ಕ್ಯಾಥೊಲಿಕ್ ಸ್ಯಾಂಟೋರಮ್ ಕಡೆ ವಾಲಿದರೆ, ಕ್ಯಾಥೊಲಿಕರು ಹೆಚ್ಚಾಗಿ ಮಾರ್ಮನ್ ರೋಮ್ನಿಗೆ ಮತ ಹಾಕಿದರು.

ಸಂಘಟನೆಯ ಕೊರತೆಯೂ ದುಬಾರಿಯಾಯಿತು. ಒಹಾಯೊದ ಕೆಲವು ಕ್ಷೇತ್ರಗಳಲ್ಲಿ ಸ್ಯಾಂಟೋರಮ್ ತಂಡ ಡೆಲಿಗೇಟ್‌ಗಳ ಪೂರ್ಣ ಪಟ್ಟಿಯನ್ನೇ ಸಲ್ಲಿಸಿರಲಿಲ್ಲ. ವರ್ಜೀನಿಯಾದಲ್ಲಿ ಮತಪತ್ರದಲ್ಲಿ ಹೆಸರು ಬರಲು ಆಗ 10,000 ಮತದಾರರ ಸಹಿ ಬೇಕಿತ್ತು. ಪ್ರತಿ ಸಂಸತ್ ಕ್ಷೇತ್ರದಿಂದಲೂ ಕನಿಷ್ಠ 400 ಇರಬೇಕಿತ್ತು. ಈ ಷರತ್ತು ಪೂರೈಸಿದವರು ರೋಮ್ನಿ ಮತ್ತು ಪಾಲ್ ಮಾತ್ರ. ಅದೇ ರಾಜ್ಯದಲ್ಲಿ ಮನೆಮಾಡಿಕೊಂಡಿದ್ದ ಗಿಂಗ್ರಿಚ್ ಹೆಸರೇ ಮತಪತ್ರದಲ್ಲಿರಲಿಲ್ಲ.

ಮತ ವಿಭಜನೆ ಎದ್ದು ಕಂಡದ್ದು ಮಾರ್ಚ್ 13ರಂದು. ಅಲಬಾಮಾದಲ್ಲಿ ಸ್ಯಾಂಟೋರಮ್ ಶೇ 35, ಗಿಂಗ್ರಿಚ್ ಮತ್ತು ರೋಮ್ನಿ ತಲಾ ಶೇ 29ರ ಆಸುಪಾಸು. ಮಿಸಿಸಿಪ್ಪಿಯಲ್ಲಿ ಶೇ 33, 31, 31. ಎರಡೂ ಕಡೆ ರೋಮ್ನಿ ಮೂರನೆಯವರು, ಆದರೂ ಡೆಲಿಗೇಟ್‌ಗಳಲ್ಲಿ ಅವರಿಗೂ ಪಾಲು ಸಿಕ್ಕಿತು. ಗಿಂಗ್ರಿಚ್ ಕಣ ಬಿಟ್ಟಿದ್ದರೆ ಸ್ಯಾಂಟೋರಮ್ ಪಕ್ಷದ ಅಭ್ಯರ್ಥಿಯಾಗುತ್ತಿದ್ದರೇ? ಬಹಳ ಮಂದಿ ಹಾಗೆಂದುಕೊಂಡರು. ಆದರೆ ಗಿಂಗ್ರಿಚ್ ಬೆಂಬಲಿಗರ ಎರಡನೆಯ ಆಯ್ಕೆ ಯಾರೆಂದು ಕೇಳಿದ ಆ ಕಾಲದ ಸಮೀಕ್ಷೆಯಲ್ಲಿ ರೋಮ್ನಿ ಮತ್ತು ಸ್ಯಾಂಟೋರಮ್ ಸರಿಸುಮಾರು ಸಮನಾಗಿ ಹಂಚಿಹೋಗಿದ್ದರು. ‘ರೋಮ್ನಿ ಬೇಡ’ ಎಂಬ ಒಂದೇ ಬಣ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ಕಾರಣ.

ಏಪ್ರಿಲ್ 10ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ಸ್ಯಾಂಟೋರಮ್, ಮೇ 2ರಂದು ಗಿಂಗ್ರಿಚ್ ಹಿಂದೆ ಸರಿದರು. ಮೇ 29ರಂದು ಟೆಕ್ಸಸ್ ಪ್ರೈಮರಿಯಲ್ಲಿ ರೋಮ್ನಿ 1,144ರ ಗಡಿ ದಾಟಿದರು. ನವೆಂಬರ್‌ನಲ್ಲಿ ಒಬಾಮ 332, ರೋಮ್ನಿ 206 ಎಲೆಕ್ಟೋರಲ್ ಮತ ಪಡೆದರು. ಸೋಲಿನಿಂದ ಪಕ್ಷ ಒಂದೇ ಪಾಠ ಕಲಿಯಲಿಲ್ಲ. ವಲಸಿಗರು, ಯುವಜನರತ್ತ ಕೈಚಾಚಬೇಕೆಂದು 2013ರಲ್ಲಿ ಪಕ್ಷದ ಸಮಿತಿಯೇ ವರದಿ ಕೊಟ್ಟಿತು; ಮೂರನೆಯ ಸಲ ಮಧ್ಯಮ ಮಾರ್ಗದವರನ್ನು ನಂಬಿ ಕೆಟ್ಟೆವು ಎಂದು ಕಟ್ಟಾ ಬಣ ಹೇಳಿತು.

ಅನಂತರದ ಕಣಗಳು

2016ರಲ್ಲಿ 17 ಮಂದಿ ಕಣಕ್ಕಿಳಿದರು. ನಿಷ್ಠೆಯ ಲೆಕ್ಕದಲ್ಲಿ ಮುಂದಿದ್ದವರು ಟೆಡ್ ಕ್ರೂಜ್. ಐಯೋವಾ ಗೆದ್ದದ್ದೂ ಅವರೇ. ಡೊನಾಲ್ಡ್ ಟ್ರಂಪ್ ಸಂಪ್ರದಾಯವಾದಿಯೇ ಅಲ್ಲ ಎಂದು ಬಕ್ಲಿ ಸ್ಥಾಪಿಸಿದ ಪತ್ರಿಕೆಯೇ ವಿಶೇಷ ಸಂಚಿಕೆ ತಂದಿತು. ಎದುರಾಳಿಗಳ ಮತ ಹಂಚಿಹೋದದ್ದರಿಂದ ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್ ಶೇ 32.5 ಮತಕ್ಕೆ ಅಲ್ಲಿನ ಎಲ್ಲ 50 ಡೆಲಿಗೇಟ್‌ಗಳನ್ನು ಬಾಚಿಕೊಂಡರು. ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯ ತೀರಿಕೊಂಡು ಸುಪ್ರೀಂ ಕೋರ್ಟ್‌ನಲ್ಲಿ ಸ್ಥಾನ ಖಾಲಿಯಾಗಿತ್ತು. ತಾನು ಯಾರನ್ನು ನೇಮಿಸಬಹುದೆಂಬ ಪಟ್ಟಿಯನ್ನು ಟ್ರಂಪ್ ಮೇ ತಿಂಗಳಲ್ಲಿ ಮುಂಚಿತವಾಗಿಯೇ ಪ್ರಕಟಿಸಿದರು. ಅಭ್ಯರ್ಥಿಯ ಖಾಸಗಿ ಬದುಕನ್ನು ಒಪ್ಪದ ಎಷ್ಟೋ ಮತದಾರರಿಗೆ ಆ ಪಟ್ಟಿ ಸಾಕಾಯಿತು. ಅಧ್ಯಕ್ಷರಾದ ಮೇಲೆ ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳೂ ಇದ್ದ ಬಹುಮತ 2022ರಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಗೊಳಿಸಿತು.

2024ರಲ್ಲಿ ರಾನ್ ಡಿಸ್ಯಾಂಟಿಸ್, ನಿಕ್ಕಿ ಹ್ಯಾಲಿ, ಕೇರಳ ಮೂಲದ ವಿವೇಕ್ ರಾಮಸ್ವಾಮಿ ಟ್ರಂಪ್ ಎದುರು ನಿಂತರು. ಡಿಸ್ಯಾಂಟಿಸ್ ಹಳೆಯ ಪಾಠದಂತೆ ಐಯೋವಾದ 99 ಕೌಂಟಿಗಳನ್ನೂ ಸುತ್ತಿದರು. ಜನವರಿ 15ರಂದು ಟ್ರಂಪ್ ಶೇ 51, ಡಿಸ್ಯಾಂಟಿಸ್ ಶೇ 21, ಹ್ಯಾಲಿ ಶೇ 19 ಮತ ಪಡೆದರು. ಅಂದೇ ರಾಮಸ್ವಾಮಿ, ಕೆಲವೇ ದಿನಗಳಲ್ಲಿ ಡಿಸ್ಯಾಂಟಿಸ್, ಮಾರ್ಚ್‌ನಲ್ಲಿ ಹ್ಯಾಲಿ ಹಿಂದೆ ಸರಿದರು. ನಾಲ್ಕಾರು ಮಂದಿ ಸಮಬಲರಾಗಿದ್ದಾಗ ಮತದಾರನ ತೂಗುವಿಕೆಗೆ ದಿನಾಂಕ, ಹಣ, ನಿಯಮ ಎಲ್ಲವೂ ಸೇರಿಕೊಂಡು ಫಲಿತಾಂಶವನ್ನು ತಿರುಗಿಸಬಲ್ಲವು. ಅರ್ಧಕ್ಕಿಂತ ಹೆಚ್ಚು ಮಂದಿ ಒಬ್ಬರನ್ನೇ ಆರಿಸಿಕೊಂಡ ಮೇಲೆ ಮತ ವಿಭಜನೆಯ ಲೆಕ್ಕಕ್ಕೆ ಎಡೆಯೇ ಇರುವುದಿಲ್ಲ.